ತಳ ಹಿಡಿದ ಅನ್ನ

ನಮ್ಮ ಜಿನ್ನವ್ವತ್ತಿ ಒಳ್ಳೆಯವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತ ಹೋದಂತೆ ನೀವು ಅವಳಿಗಾಗಿ ಮರುಗಿ ನನಗೆ ಶಾಪ ಹಾಕುತ್ತೀರಿ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅವಳ ಜೊತೆ ಒಂದೇ ಸೂರಿನಡಿ ಮೂವತ್ತೆಂಟು ವರ್ಷ ಬಾಳಿದವನು ನಾನು, ನೀವಲ್ಲ.

ಜಿನ್ನವ್ವ ನನ್ನ ಅಪ್ಪನ ಅಕ್ಕ. ಹದಿನೇಳಕ್ಕೆ ಮೂಡಲಗಿಯ ಒಂದು ಜೈನ ಮನೆತನಕ್ಕೆ ಕೊಟ್ಟರು. ಇಪ್ಪತ್ತಕ್ಕೆ ಗಂಡ ಕಾಮಾಲೆಯಾಗಿ ಸತ್ತ. ಒಂದು ತಗಡಿನ ಟ್ರಂಕು ಹಿಡಿದು ಬೆಲ್ಲದ ಬಾಗೇವಾಡಿಯ ತವರಿಗೆ ಬಂದಳು. ಗಂಡನ ಮನೆಯಲ್ಲಿ ಹನ್ನೆರಡು ಜನರ ಊಟವಾದ ಮೇಲೆ ಸೊಸೆಯ ಊಟ. ತವರಿಗೆ ಬಂದರೂ ಅದೇ ಮುಂದುವರಿಯಿತು. ಮೇಲಿನ ಅನ್ನ ಗಂಡಸರಿಗೆ, ನಡುವಿನದು ಮಕ್ಕಳಿಗೆ, ತಳ ಹಿಡಿದದ್ದು ಜಿನ್ನವ್ವನಿಗೆ. ಹೀಗೆಂದು ಯಾರೂ ಕೂತು ಠರಾವು ಮಾಡಿರಲಿಲ್ಲ, ತಾನಾಗಿಯೇ ಹಾಗೆ ನಡೆದುಕೊಂಡು ಬಂತು. ಮಧ್ಯಾಹ್ನ ನಾವೆಲ್ಲ ಉಂಡು ಅಡ್ಡಾದ ಮೇಲೆ ಅಡಿಗೆಮನೆಯಿಂದ ಕರಕರ ಸದ್ದು ಬರುತ್ತಿತ್ತು. ಅತ್ತಿ ಸವುಟಿನ ಅಂಚಿನಿಂದ ಪಾತ್ರೆಯ ತಳ ಕೆರೆಯುತ್ತಿದ್ದಳು. ಆ ಸದ್ದಿಗೆ ನನಗೆ ನಿದ್ದೆ ಬರುತ್ತಿತ್ತು.

ಅಂಥವಳಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಒಂದು ಮರ್ಯಾದೆ, ಚೌಕದ್ದು. ನಮ್ಮ ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಅವರಿಗೆ ಅಡಿಗೆ ಮಾಡುವ ಜಾಗಕ್ಕೆ ಚೌಕ ಎನ್ನುತ್ತೇವೆ. ಬಾವಿಯ ನೀರು ಬಟ್ಟೆಯಲ್ಲಿ ಸೋಸಬೇಕು, ಕಾಳು ಒಂದೊಂದೇ ನೋಡಿ ಆರಿಸಬೇಕು, ಮಡಿಯಲ್ಲಿ ಅಡಿಗೆ ಮಾಡಿ ಕಳಶ ಹಿಡಿದು ಬಾಗಿಲಲ್ಲಿ ಕಾಯಬೇಕು. ಮುನಿಗಳು ಬಂದು ನಿಂತರೆ ಬಡಿಸುವವರು ಬಾಯಿಬಿಟ್ಟು ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ. ಆ ಮಾತು ಕೇಳದೆ ಅವರು ಹೊಸ್ತಿಲು ದಾಟುವುದಿಲ್ಲ. ಊಟದಲ್ಲಿ ಒಂದು ಕೂದಲು ಕಂಡರೂ ಅಂದಿನ ಊಟ ಅಲ್ಲಿಗೇ ಮುಗಿಯಿತು. ನಲವತ್ತು ವರ್ಷದಲ್ಲಿ ಅತ್ತಿಯ ಚೌಕದಲ್ಲಿ ಕೂದಲು ಕಂಡಿದ್ದಿಲ್ಲ. ಮುನಿಗಳು ಬರುತ್ತಾರೆಂದರೆ ಊರಿನ ಶ್ರಾವಕರು ಮೊದಲು ಕೇಳುತ್ತಿದ್ದದ್ದು, “ಜಿನ್ನವ್ವ ಊರಾಗ ಅದಾಳಿಲ್ಲೊ?”

ಆ ಮರ್ಯಾದೆಯನ್ನು ಅವಳು ಬೆತ್ತದ ಹಾಗೆ ಬಳಸಿದಳು. ನಮ್ಮ ಹೊಲದ ಕೆಲಸಕ್ಕೆ ಮೂವತ್ತು ವರ್ಷದಿಂದ ಬರುವ ಸತ್ತೆವ್ವನಿಗೆ ನೀರು ಬೇಕಾದರೆ, ಅತ್ತಿ ಕಟ್ಟೆಯ ಮೇಲೆ ನಿಂತು ಇಷ್ಟೆತ್ತರದಿಂದ ಬೊಗಸೆಗೆ ಹೊಯ್ಯುವಳು. ಅರ್ಧ ನೀರು ಸತ್ತೆವ್ವನ ಸೀರೆಗೆ ಹೋಗುತ್ತಿತ್ತು. ನನ್ನ ಹೆಂಡತಿ ಮಯೂರಿ ಪುಣೆಯ ಹುಡುಗಿ, ನಮ್ಮವರೇ, ಆದರೆ ಉಳ್ಳಾಗಡ್ಡಿ ತಿನ್ನುವ ಮನೆಯವಳು. ಮದುವೆಯಾಗಿ ಹತ್ತು ವರ್ಷವಾದರೂ ಅತ್ತಿ ಅವಳು ತುಂಬಿಟ್ಟ ಕೊಡದ ನೀರು ಮುಟ್ಟಲಿಲ್ಲ. ಮಯೂರಿ ಕೊಡ ಇಟ್ಟು ಈಚೆ ಬಂದರೆ, ಅತ್ತಿ ಅವಳ ಎದುರಿಗೇ ಅದನ್ನು ಬಚ್ಚಲಿಗೆ ಸುರಿದು ಮತ್ತೆ ಬಾವಿಗೆ ಹೋಗುವಳು. ನಾನು ಹುಕ್ಕೇರಿಯ ನನ್ನ ಗೊಬ್ಬರದಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ದಿನವೂ ಒಂದು ಅಳು ತಯಾರಿರುತ್ತಿತ್ತು.

ಹೋದ ವರ್ಷ ಅವಳ ಕಣ್ಣಿಗೆ ಪೊರೆ ಬಂತು. ಅವಳು ಆರಿಸಿದ ಅಕ್ಕಿಯಲ್ಲಿ ಯಾರೋ ಒಂದು ನುಸಿ ತೋರಿಸಿ ನಕ್ಕರಂತೆ. ಎಂದೂ ಏನೂ ಕೇಳದವಳು ಅಂದು ನನ್ನ ಮುಂದೆ ಬಂದು ನಿಂತು, “ಮಹಾವೀರ, ನನ್ನ ಕಣ್ಣ ತೋರಿಸೊ. ಚಾತುರ್ಮಾಸಕ್ಕ ಮುನಿ ಮಹಾರಾಜರು ನಮ್ಮೂರಿಗೇ ಬರತಾರಂತ. ಅಷ್ಟರಾಗ ನನಗ ಕಾಳ ಕಾಣಬೇಕು” ಅಂದಳು. ಗೋಕಾಕದ ಡಾಕ್ಟರು ನೋಡಿ, ಕಣ್ಣು ಸೂಕ್ಷ್ಮ ಐತಿ, ಪುಣೆಗೆ ಒಯ್ಯಿರಿ ಎಂದರು. ಒಯ್ದೆ.

ಪುಣೆಯಲ್ಲಿ ಮಯೂರಿಯ ತಮ್ಮ ಯಶ ಇದ್ದಾನೆ. ಕೇಸರಿ, ಪಿಸ್ತಾ, ಒಣದ್ರಾಕ್ಷಿಯ ವ್ಯಾಪಾರ. ಆಪರೇಷನ್ ಛಲೋ ಆಯಿತು. ಆದರೆ ಊಟದ್ದೇ ಫಜೀತಿ. ಆಪರೇಷನ್ ದಿನ ಉಪವಾಸ, ಮರುದಿನ ಚತುರ್ದಶಿ ಎಂದು ಮತ್ತೆ ಉಪವಾಸ. ಮೂರನೆಯ ದಿನ ಊರಿಂದ ಕಟ್ಟಿಕೊಂಡು ಬಂದದ್ದೆಲ್ಲ ಅವಧಿ ಮೀರಿತೆಂದು ಹಸುವಿಗೆ ಹಾಕಿಸಿದಳು. ಯಶನ ಮನೆಯ ಅಡಿಗೆ ಮುಟ್ಟಲಾರಳು. ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ಬಿಟ್ಟಾಗ ಡಾಕ್ಟರು, ಏನಾದರೂ ತಿಂದೇ ಗುಳಿಗೆ ತೆಗೆದುಕೊಳ್ಳಬೇಕು ಎಂದು ತಾಕೀತು ಮಾಡಿದರು. ಸೂರ್ಯ ಮುಳುಗಿದರೆ ಅತ್ತಿ ನೀರನ್ನೂ ಮುಟ್ಟುವುದಿಲ್ಲ. ಕಾರಿನಲ್ಲಿ ಕೂತು ಎರಡು ಸಿಗ್ನಲ್ ದಾಟುವಷ್ಟರಲ್ಲಿ ಅವಳ ತಲೆ ನನ್ನ ಹೆಗಲಿಗೆ ವಾಲಿತು.

“ಮಾಮಾ, ಇಲ್ಲೇ ನಮ್ಮ ಗಿರಾಕಿ ಒಬ್ಬರದು ಇರಾನಿ ಹೋಟೆಲ್ ಐತಿ. ನಾನೇ ಕೇಸರಿ ಕೊಡತೇನಿ. ಹೇಳಿದಂಗ ಮಾಡಿ ಕೊಡತಾರ” ಎಂದು ಯಶ ಕಾರು ತಿರುಗಿಸಿದ.

ನಾನು ಅಂಥ ಹೋಟೆಲ್ ನೋಡಿರಲಿಲ್ಲ. ಗೋಡೆಗೆ ಗಾಲೀಚೆ ತೂಗುಹಾಕಿದ್ದರು. ಸೊಂಟದುದ್ದದ ಹಿತ್ತಾಳೆಯ ಚಹಾ ಪಾತ್ರೆಯೊಂದು ಮೂಲೆಯಲ್ಲಿ ಕೂತಿತ್ತು. ರಾತ್ರಿಯ ಗಿರಾಕಿಗಳಿಗೆ ಇನ್ನೂ ಹೊತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಮಾಲೀಕ ಎಪ್ಪತ್ತು ದಾಟಿದ ಮುದುಕ, ಹಾಲಿನಂಥ ಬಿಳಿ ಮೀಸೆ, ಹುಟ್ಟಿದ್ದೇ ಪುಣೆಯಲ್ಲಿ ಎಂಬಂತೆ ಮರಾಠಿ ಮಾತಾಡುತ್ತಿದ್ದ. ನಮ್ಮನ್ನು ಹಿತ್ತಲಿನ ಬೇವಿನ ಮರದಡಿ ಕೂರಿಸಿದ.

ಅತ್ತಿ ಕಪ್ಪು ಕನ್ನಡಕದೊಳಗಿಂದಲೇ ಸುತ್ತ ನೋಡಿ, “ಇದು ಹೋಟೆಲ್ ಐತಿ. ನಾ ಇಲ್ಲಿ ಉಣ್ಣೂದಿಲ್ಲ” ಎಂದಳು.

ಮುದುಕ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ. ತಾಯಿ, ಏನೇನು ಉಣ್ಣುವುದಿಲ್ಲ ಹೇಳಿ, ಎಂದು ಕೇಳಿದ. ಅತ್ತಿ ಹೇಳುತ್ತ ಹೋದಳು: ಉಳ್ಳಾಗಡ್ಡಿ, ಬೆಳ್ಳೊಳ್ಳಿ, ಬಟಾಟಿ, ಗಜ್ಜರಿ, ಬದನೆಕಾಯಿ, ಜೇನುತುಪ್ಪ, ಸೋಸದ ನೀರು. ಅವನು ಒಂದೊಂದಕ್ಕೂ ಒಂದೊಂದು ಬೆರಳು ಮಡಿಚುತ್ತ, ಪಟ್ಟಿ ಮುಗಿದ ಮೇಲೆ ನಕ್ಕು, ಹೊಸ ಪಾತ್ರೆ, ಬೇರೆ ಒಲೆ, ನಿಮ್ಮದೇ ನೀರು, ಅಕ್ಕಿ ತುಪ್ಪ ಕೇಸರಿ ಬಿಟ್ಟು ಬೇರೇನೂ ಇಲ್ಲ ಎಂದ. ಅವಳ ತಂಬಿಗೆಯ ನೀರನ್ನು ತಾನೇ ಕೈಯಲ್ಲಿ ಹಿಡಿದು ಒಳಗೆ ಹೋದ. ನಮ್ಮ ಮನೆಯಲ್ಲಿ ಅವಳ ನಿಯಮ ಎಂದರೆ ಎಲ್ಲರಿಗೂ ತಲೆನೋವು. ಅದನ್ನು ಹೀಗೆ ಕೂತು ಕೇಳಿದವರು ಯಾರೂ ಇರಲಿಲ್ಲ. ಅತ್ತಿ ಏಳಲಿಲ್ಲ.

ಅರ್ಧ ತಾಸಿನಲ್ಲಿ ಅನ್ನ ಬಂತು. ಉದ್ದುದ್ದ ಅಕ್ಕಿ, ಅಲ್ಲಲ್ಲಿ ಕೇಸರಿ ಬಣ್ಣ, ಮೇಲೆ ತುಪ್ಪ. ಅದರ ಜೊತೆ ಒಂದು ಸಣ್ಣ ತಾಟಿನಲ್ಲಿ ಅಂಗೈಯಗಲದ ಬಂಗಾರದ ಬಣ್ಣದ ಹೊಪ್ಪಳಿಕೆ. ಮುದುಕ ಅದನ್ನು ನನಗೆ ಕೊಡಲಿಲ್ಲ, ಯಶನಿಗೂ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಅತ್ತಿಯ ಮುಂದಿಟ್ಟ.

“ಇದೇನ್ರಿ?” ಎಂದಳು ಅತ್ತಿ.

ಪಾತ್ರೆಯ ತಳ ಹಿಡಿದ ಅನ್ನ, ಎಂದ ಅವನು. ನಮ್ಮ ಕಡೆ ಇದೇ ಎಲ್ಲಕ್ಕಿಂತ ದೊಡ್ಡದು. ಮನೆಗೆ ಬಂದ ಹಿರಿಯರಿಗೆ ಮೊದಲು ಇದನ್ನು ಕೊಡುತ್ತೇವೆ. ಮಕ್ಕಳು ಇದಕ್ಕಾಗಿ ಜಗಳವಾಡುತ್ತಾರೆ, ಆದರೆ ಹಿರಿಯರಿದ್ದರೆ ಅವರಿಗೇ.

ಅತ್ತಿ ಬಹಳ ಹೊತ್ತು ಆ ತಾಟು ನೋಡಿದಳು. ಆಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟಳು. ಕಟುಂ ಎಂದು ಸದ್ದಾಯಿತು. ಇನ್ನೊಂದು ಚೂರು. ಆ ಹೊಪ್ಪಳಿಕೆಯನ್ನು ಒಂದು ಅಗಳು ಬಿಡದಂತೆ ತಿಂದಳು. ತಿಂದು ನಕ್ಕಳು. ಅತ್ತಿ ಬಾಯಿತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಯಶ, ಕೇಳಿದೇನೊ? ತಳದ್ದು ಹಿರ್ಯಾರಿಗಂತ. ಹಂಗಾರ ನಾ ಜಲ್ಮಾ ಪೂರ್ತಿ ಹಿರ್ಯಾಕಿನ ಆಗಿದ್ನೆಲ್ಲೊ!”

ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಛಲೋ ಇತ್ತು. ಅವಳು ನನ್ನ ಕಡೆ ತಿರುಗಿ, “ಪರದೇಶದ ಮುದುಕಗ ತಿಳೀತೈತಿ ನೋಡು ಶುದ್ಧ ಅಂದ್ರ ಏನಂತ. ನಿನ್ನ ಹೇಣ್ತಿಗೆ ಹತ್ತ ವರ್ಷಾತು, ತಿಳಿಯಲಿಲ್ಲ. ಹೊಲಸ ಮನಿತನ” ಎಂದಳು. ಎದುರಿಗೆ ಕೂತವನು ಆ ಮನೆತನದ ಮಗ, ಮೂರು ದಿನದಿಂದ ಆಸ್ಪತ್ರೆಯ ಬಾಗಿಲು ಕಾದವನು. ಯಶ ತಲೆ ತಗ್ಗಿಸಿದ. ನನಗೆ ನೆತ್ತಿಗೆ ಸಿಟ್ಟೇರಿತು.

“ಹೆಂಗಿತ್ತತ್ತಿ, ರುಚಿ?”

“ಭಾಳ ಛಲೋ ಇತ್ತು.”

“ಇರೂದ ಮತ್ತ. ತಳಾ ಹಿಡೀಲಿ ಅಂತ ಕುರಿ ಕೊಬ್ಬ ಹಾಕಿರತಾರ.”

ಆ ಕ್ಷಣಕ್ಕೆ ಬಾಯಿಗೆ ಬಂದ ಸುಳ್ಳು ಅದು. ಯಶ “ಮಾಮಾ!” ಎಂದ. ಅಷ್ಟರಲ್ಲಿ ಅತ್ತಿ ಎದ್ದಿದ್ದಳು. ಹಿತ್ತಲ ಗೋಡೆಯ ಬುಡಕ್ಕೆ ಹೋಗಿ ಗಂಟಲಿಗೆ ಬೆರಳು ಹಾಕಿ ಕಕ್ಕಿದಳು. ಕಕ್ಕಲು ಏನೂ ಉಳಿಯದಿದ್ದಾಗಲೂ ಬೆರಳು ಹಾಕುತ್ತಲೇ ಇದ್ದಳು. ಹೊಸ ಕಣ್ಣಿಗೆ ಒತ್ತಡ ಬೀಳಬಾರದು ಎಂದು ಡಾಕ್ಟರು ಹೇಳಿದ್ದರು. ಒಳಗಿದ್ದ ಮುದುಕನಿಗೆ ಇದಾವುದೂ ತಿಳಿಯಲಿಲ್ಲ. ಬಿಲ್ಲು ಬೇಡ, ತಾಯಿ ಬಂದದ್ದೇ ಸಾಕು ಎಂದು ಕೈ ಮುಗಿದು ಕಳಿಸಿದ. ಆರು ತಾಸಿನ ದಾರಿ ಕಳೆದು ಊರಿಗೆ ಬಂದೆವು.

ಮನೆಗೆ ಬಂದವಳು ಅಡಿಗೆಮನೆಗೆ ಕಾಲಿಡಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡಳು. ಉಪ್ಪು ಬಿಟ್ಟಳು, ಒಂದೇ ಹೊತ್ತು ಉಂಡಳು. ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಮಯೂರಿ ಹನಿ ಹಾಕಿದಳು, ಅನ್ನ ಬಡಿಸಿದಳು. ಮಯೂರಿ ತುಂಬಿದ ನೀರನ್ನೇ ಅತ್ತಿ ಕುಡಿದಳು. ಬೈಗುಳವಿಲ್ಲ, ಕೊಡ ಸುರಿಯುವುದಿಲ್ಲ. ಖರೆ ಹೇಳುತ್ತೇನೆ, ನಮ್ಮ ಮನೆಯಲ್ಲಿ ಹಬ್ಬವಿದ್ದಂತೆ ಇತ್ತು. ಒಂದು ಮಾತು ಹೇಳಿ ಅವಳನ್ನು ಬಿಡಿಸಬಹುದಿತ್ತು. ಐದು ವಾರ ನಾನು ಆ ಮಾತು ಹೇಳಲಿಲ್ಲ.

ಚಾತುರ್ಮಾಸಕ್ಕೆ ಮುನಿಗಳು ಬಂದರು. ಬಸದಿಯ ಕಮಿಟಿಯ ಸುನೀಲ ಕಾಕಾ ಮನೆಗೇ ಬಂದು, “ಜಿನ್ನವ್ವಕ್ಕಾ, ನಾಳೆ ಮೊದಲನೇ ದಿನ. ನಿನ್ನ ಚೌಕ ಹಚ್ಚಬೇಕು ನೋಡು” ಎಂದರು. ಅತ್ತಿ ಚಾಪೆಯ ಅಂಚು ಕೀಳುತ್ತ, “ನನ್ನ ಕೈಲೆ ಆಗೂದಿಲ್ಲೊ ತಮ್ಮಾ” ಎಂದಳು. ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಬೆನ್ನು ಅಲುಗುತ್ತಿತ್ತು. ನಾನು ಅವಳ ಚಾಪೆಯ ಹತ್ತಿರ ಹೋಗಿ ಕೂತೆ.

“ಅತ್ತಿ, ಆವತ್ತ ನಾ ಹೇಳಿದ್ದು ಸುಳ್ಳು. ಸಿಟ್ಟಿನಾಗ ಅಂದೆ.”

“ಈಗ ನನ್ನ ಸಮಾಧಾನಕ್ಕ ಸುಳ್ಳ ಹೇಳಾಕತ್ತಿ. ಆ ಹೋಟೆಲ್‌ದಾಂವನ್ನ ಕೇಳು. ಅಂವ ಖರೆ ಹೇಳತಾನ” ಎಂದಳು.

ಯಶನಿಂದ ನಂಬರ್ ತೆಗೆದುಕೊಂಡು ಮಾಳಿಗೆಗೆ ಹೋಗಿ ಫೋನ್ ಮಾಡಿದೆ. ಮುದುಕನಿಗೆ ತಕ್ಷಣ ನೆನಪಾಯಿತು. ತಾಯಿಯ ಕಣ್ಣು ಹೇಗಿದೆ ಎಂದು ಕೇಳಿದ. ಅನ್ನ ಹೊಸ ಪಾತ್ರೆಯದೇ, ದೇವರಾಣೆ, ಎಂದ. ಆಮೇಲೆ ಸಂತೋಷದಿಂದ ಹೇಳಿದ: ಆದರೆ ತಳ ಹಿಡಿಯಬೇಕಾದರೆ ಒಂದು ತಾಸಿನ ಮೇಲೆ ಸಣ್ಣ ಉರಿಯಲ್ಲಿರಬೇಕು, ಅರ್ಧ ತಾಸಿಗೆ ಎಲ್ಲಿ ಹಿಡಿಯುತ್ತದೆ? ಅಷ್ಟು ದೂರದಿಂದ ಬಂದ ಹಿರಿಯರಿಗೆ ಅದಿಲ್ಲದೆ ಬಡಿಸುವುದು ಹೇಗೆ? ರಾತ್ರಿಗೆಂದು ಇಟ್ಟ ದೊಡ್ಡ ಪಾತ್ರೆಯಿಂದ ಒಳ್ಳೆಯ ತುಂಡು ನೋಡಿ ತೆಗೆದು ಕೊಟ್ಟೆ.

“ದೊಡ್ಡ ಪಾತ್ರೆಯಲ್ಲಿ ಏನಿತ್ತು?” ಎಂದೆ.

ಅವನು ಮೆತ್ತಗೆ, ಕುರಿ, ಎಂದ. ಬೆರಳು ಮಡಿಚಿ ಎಣಿಸಿದ ಪಟ್ಟಿಯಲ್ಲಿ ಅದು ಬಂದಿರಲಿಲ್ಲ. ಮಾಂಸ ಉಣ್ಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾದೀತು ಎಂಬುದೇ ನಮ್ಮ ಅತ್ತಿಗೆ ಹೊಳೆದಿರಲಿಲ್ಲ. ತೆಗೆದು ಕೊಟ್ಟ ತುಂಡಿನಲ್ಲಿ ಮಾಂಸದ ಚೂರಿರಲಿಲ್ಲ, ಹಾಗಾಗಿ ಅದನ್ನು ಅವನು ಬರೀ ಅನ್ನವೆಂದೇ ಎಣಿಸಿದ್ದ.

ಕೆಳಗೆ ಬಂದೆ. ಅತ್ತಿ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. “ಏನಂದ?”

“ಹೊಸಾ ಪಾತ್ರಿ, ಬ್ಯಾರೆ ಒಲಿ. ದೇವರಾಣಿ ಮಾಡಿ ಹೇಳಿದ. ನೀ ಸುದ್ದ ಅದಿ ಅತ್ತಿ.”

ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮಾಡಿದ ಪಾಪ ನನ್ನದು, ಅದು ನನ್ನಲ್ಲೇ ಉಳಿಯಲಿ ಎಂದುಕೊಂಡೆ. ಆ ಒಂದು ಸಂಜೆ ನಾನು ಒಳ್ಳೆಯವನಾಗಿದ್ದೆ.

ಮರುದಿನ ನಸುಕಿನಲ್ಲೇ ಮಯೂರಿ ತಣ್ಣೀರು ಮಿಂದು, ಒದ್ದೆ ಸೀರೆಯಲ್ಲಿ ಬಾವಿಯಿಂದ ಎಂಟು ಕೊಡ ನೀರು ಹೊತ್ತಳು. ತನಗೂ ಇವತ್ತು ಚೌಕದಲ್ಲಿ ನಿಲ್ಲುವ ಭಾಗ್ಯ ಎಂದು ಅವಳಿಗೆ ಆಸೆ. ಐದು ವಾರ ಹನಿ ಹಾಕಿದ್ದಾಳಲ್ಲ. ಒಂಬತ್ತರ ಹೊತ್ತಿಗೆ ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಮಡಿ ಸೀರೆ ಉಟ್ಟು, ಕಳಶ ಹಿಡಿದು ಅತ್ತಿ ಹೊರಗೆ ಬಂದಳು. ಕನ್ನಡಕವಿಲ್ಲದ ಕಣ್ಣು ಫಳಫಳ ಹೊಳೆಯುತ್ತಿತ್ತು. ಪಕ್ಕಕ್ಕೆ ಬಂದು ನಿಂತ ಮಯೂರಿಯನ್ನು ನೋಡಿದಳು.

“ನೀ ಯಾಕ ಇಲ್ಲಿ? ಸರಿ ಆ ಕಡೆ.”

“ನಾನೂ ಮಡಿಯಿಂದ ಅದೀನ್ರಿ ಅತ್ತಿ.”

“ಮೈಗೆ ನೀರ ಹಾಕ್ಕೊಂಡ್ರ ಆತೇನ? ನಿನ್ನ ತಮ್ಮ ನನ್ನ ಎಂಥಾ ಜಾಗಾಕ್ಕ ಒಯ್ದಿದ್ದ, ನಿನಗ ಗೊತ್ತೈತಿ. ಅಂಥಾ ರಕ್ತ ನಿಂದು. ನೀ ತಂದ ನೀರ ದನಕ್ಕ ಹಾಕ್ರಿ. ಗೇಟಿನ ಹೊರಗ ನಿಂದ್ರ ಹೋಗು.”

ಹೆಂಗಸರೆಲ್ಲ ನೋಡುತ್ತಿದ್ದರು. ಮಯೂರಿ ಒದ್ದೆ ಸೀರೆಯಲ್ಲೇ ಗೇಟು ದಾಟಿ ರಸ್ತೆಯ ಮೇಲೆ ನಿಂತಳು. ಅವಳು ಅಳಲೂ ಇಲ್ಲ. ಅಷ್ಟರಲ್ಲಿ ಓಣಿಯ ತುದಿಯಲ್ಲಿ “ಮಹಾರಾಜರು ಹೊಂಟ್ರು” ಎಂದು ಕೂಗಾಯಿತು. ನಾನು ಅತ್ತಿಯ ಕಿವಿಯ ಹತ್ತಿರ ಬಗ್ಗಿದೆ.

“ಅತ್ತಿ, ನಿನ್ನಿ ನಾ ಹೇಳಿದ್ದು ಸುಳ್ಳು. ನೀ ತಿಂದ ತುಂಡು ಕುರಿ ಬೇಯಿಸಿದ ಪಾತ್ರೀದಂತ. ಅಂವನ ಹೇಳಿದ.”

ಅವಳು ತನ್ನ ಹೊಸ ಕಣ್ಣಿನಿಂದ ನನ್ನನ್ನು ನೋಡಿದಳು. “ಖರೆ?”

“ಖರೆ.”

ಈ ಸಲ ನಂಬಿದಳು. ಕಳಶ ಕೆಳಗಿಟ್ಟು ಒಳಗೆ ಹೋಗಲು ಅವಳಿಗೆ ವೇಳೆ ಸಿಗಲಿಲ್ಲ. ಮುನಿಗಳು ಬಲಗೈ ಬೆರಳು ಹೆಗಲಿಗೆ ಮುಟ್ಟಿಸಿ, ನವಿಲುಗರಿಯ ಪಿಂಛಿ ಹಿಡಿದು ಮೂರು ಮನೆ ದಾಟಿ ಬಂದರು. ಮನಸ್ಸಿನಲ್ಲಿ ಏನೋ ಒಂದು ನೇಮ ಹಿಡಿದು ಹೊರಡುತ್ತಾರೆ, ಅದು ಕಂಡ ಬಾಗಿಲಲ್ಲಿ ನಿಲ್ಲುತ್ತಾರೆ. ಅಂದು ಒಬ್ಬಂಟಿ ಮುದುಕಿಯನ್ನು ನೆನೆದಿದ್ದರೋ ಏನೋ, ನಮ್ಮ ಬಾಗಿಲಲ್ಲೇ ನಿಂತರು.

“ನಮೋಸ್ತು” ಎಂದಳು ಅತ್ತಿ. ಆಮೇಲೆ “ಮನಶುದ್ಧಿ” ಎಂದಳು. ಅಲ್ಲಿಗೆ ನಾಲಿಗೆ ಕಟ್ಟಿತು. ಹಿಂದಿನಿಂದ ಹೆಂಗಸರು, “ಹೇಳಬೇ ಯವ್ವಾ, ಹೇಳು, ವಚನಶುದ್ಧಿ, ಕಾಯಶುದ್ಧಿ” ಎಂದು ಎತ್ತಿಕೊಟ್ಟರು. ಕಳಶದ ನೀರು ತುಳುಕಿ ಅವಳ ಕಾಲ ಮೇಲೆ ಬಿತ್ತು. ಮುನಿಗಳು ಕಾದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ.

“ಇಲ್ರಿ ಮಹಾರಾಜ. ನನ್ನ ಕಾಯ ಸುದ್ದ ಇಲ್ಲ.”

ಅವರು ತಿರುಗಿ ಬಸದಿಗೆ ಹೋದರು. ಒಂದು ಬಾಗಿಲಿಂದ ತಿರುಗಿದರೆ ಅಂದು ಇನ್ನೊಂದು ಬಾಗಿಲಿಗೆ ಹೋಗದಿರುವುದು ಅವರ ನಿಯಮ. ಚಾತುರ್ಮಾಸದ ಮೊದಲ ದಿನವೇ ನಮ್ಮೂರಿನಲ್ಲಿ ಮುನಿಗಳಿಗೆ ಉಪವಾಸವಾಯಿತು.

ಕಾರಣ ಏನೆಂದು ಊರೆಲ್ಲ ಕೇಳಿತು. ಅತ್ತಿ ನನ್ನ ಹೆಸರು ಹೇಳಲಿಲ್ಲ, ಪುಣೆಯ ಸುದ್ದಿಯನ್ನೂ ಹೇಳಲಿಲ್ಲ. ಕಾಯ ಶುದ್ಧವಿಲ್ಲ ಎಂದದ್ದಷ್ಟೇ ಜನರ ಕೈಗೆ ಸಿಕ್ಕಿತು. ಇಪ್ಪತ್ತಕ್ಕೇ ಗಂಡ ಸತ್ತವಳು, ಇಷ್ಟು ವರ್ಷ ಏನೇನು ಮುಚ್ಚಿಟ್ಟಿದ್ದಳೋ ಎಂದು ಹುಕ್ಕೇರಿಯ ಬಸ್ ಸ್ಟ್ಯಾಂಡಿನವರೆಗೆ ಮಾತಾಯಿತು. ನನ್ನ ಅಂಗಡಿಯಲ್ಲೇ ಗೊಬ್ಬರದ ಚೀಲದ ಮೇಲೆ ಕೂತು ಒಬ್ಬ ಹಾಗೆ ನಕ್ಕ. ನಾನು ಅವನಿಗೆ ಚಹಾ ತರಿಸಿಕೊಟ್ಟೆ, ಬಾಯಿ ಬಿಡಲಿಲ್ಲ. ಕುರಿ ತಿನ್ನಿಸಿದ ಮನೆ ಎನ್ನಿಸಿಕೊಳ್ಳುವುದಕ್ಕಿಂತ ಇದು ವಾಸಿ ಎಂದು ನನಗೆ ಅನ್ನಿಸಿತು. ಇದನ್ನು ಬರೆಯುವಾಗ ಕೈಗೆ ನಾಚಿಕೆಯಾಗುತ್ತದೆ, ಆದರೂ ಅನ್ನಿಸಿದ್ದು ಅದೇ.

ಅತ್ತಿ ಈಗ ಅಂಗಳದ ಕಟ್ಟೆಯ ಮೇಲಿರುತ್ತಾಳೆ, ಮಳೆ ಬಂದರೆ ದನದ ಕೊಟ್ಟಿಗೆಗೆ ಹೋಗುತ್ತಾಳೆ. ಕರೆದರೂ ಒಳಗೆ ಬರುವುದಿಲ್ಲ. ತಾಟು ಬೇರೆ. ಎಲ್ಲರದಾದ ಮೇಲೆ, “ತಳದ್ದು ಇದ್ರ ಹಾಕವ್ವಾ” ಎಂದು ಕೇಳಿ ಉಣ್ಣುತ್ತಾಳೆ. ಪಾತ್ರೆ ತನ್ನಿಂದ ಮೈಲಿಗೆಯಾಗಬಾರದೆಂದು ನೀರನ್ನು ಬೊಗಸೆಯಲ್ಲೇ ಹಿಡಿಯುತ್ತಾಳೆ, ಮಯೂರಿ ಮೇಲಿಂದ ಹೊಯ್ಯಬೇಕು.

ಮೊನ್ನೆ ಹೊಲದಿಂದ ಬಂದ ಸತ್ತೆವ್ವ ಬುಟ್ಟಿ ಇಳಿಸಿ ಅದನ್ನು ನೋಡುತ್ತ ನಿಂತಳು. ಕಟ್ಟೆಯ ಕೆಳಗೆ ಬಗ್ಗಿ ಕೂತ ಅತ್ತಿ, ತಂಬಿಗೆ ಹಿಡಿದ ಮಯೂರಿ. ನೋಡಿ ನೋಡಿ ಸತ್ತೆವ್ವ ಸಾವಕಾಶ ಹೇಳಿದಳು:

“ಅಷ್ಟ ತಳಗ ಹಿಡೀಬ್ಯಾಡ್ರಿ ಅಕ್ಕಾರ. ಇನ್ನಷ್ಟ ಮ್ಯಾಲ. ನಮಗ ಅವರು ಇನ್ನೂ ಮ್ಯಾಲಿಂದ ಹೊಯ್ತಿದ್ರು.”

ಅತ್ತಿ ಬೊಗಸೆ ತೆಗೆಯಲಿಲ್ಲ, “ಹೌದು” ಎಂದಳು. ಮಯೂರಿ ನನ್ನ ಕಡೆ ಒಮ್ಮೆ ನೋಡಿ ತಂಬಿಗೆ ಮೇಲೆತ್ತಿದಳು. ಅರ್ಧ ನೀರು ಅತ್ತಿಯ ಸೀರೆಗೆ ಹೋಯಿತು.